ಸ್ಟ್ರೂಪ್ ಪ್ರಯೋಗ: ಲಿಂಗ, ಗಮನಭಂಗ ಮತ್ತು ಮಾನಸಿಕ ವೇಗ

ಸ್ಟ್ರೂಪ್ ಪ್ರಯೋಗವು ಒಂದು ಬಣ್ಣದ ಹೆಸರನ್ನು ಬೇರೊಂದು ಬಣ್ಣದ ಶಾಯಿಯಲ್ಲಿ ಅಚ್ಚುಮಾಡಿ ತೋರಿಸಿ, ಪದವನ್ನು ಓದದೆ ಶಾಯಿಯ ಬಣ್ಣವನ್ನಷ್ಟೇ ಹೇಳಿಸಿ, ಅದಕ್ಕೆ ತಗಲುವ ಕಾಲವನ್ನು ಅಳೆಯುವ ಮನೋವಿಜ್ಞಾನದ ಪ್ರಯೋಗ. 'ಕೆಂಪು' ಎಂಬ ಪದ ಹಸಿರು ಶಾಯಿಯಲ್ಲಿದ್ದರೆ 'ಹಸಿರು' ಎಂದು ಹೇಳಬೇಕು. ಬರಿಯ ಹಸಿರು ಚೌಕವನ್ನು ಕಂಡು 'ಹಸಿರು' ಎನ್ನುವುದಕ್ಕಿಂತ ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ; ತಪ್ಪುಗಳೂ ಹೆಚ್ಚು. ಈ ಹೆಚ್ಚುವರಿ ಕಾಲವೇ ಸ್ಟ್ರೂಪ್ ಪರಿಣಾಮ. ಅಮೆರಿಕದ ಮನೋವಿಜ್ಞಾನಿ ಜಾನ್ ರಿಡ್ಲಿ ಸ್ಟ್ರೂಪ್ (1897–1973) 1935ರಲ್ಲಿ ಇದನ್ನು ಪ್ರಕಟಿಸಿದರು.

ದುಬಾರಿ ಉಪಕರಣ ಬೇಡದ, ತರಗತಿಯಲ್ಲೇ ಮುಗಿಸಬಹುದಾದ ಪ್ರಯೋಗವಾದ್ದರಿಂದ ಮನೋವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ. ಮೂಲ ಪ್ರಯೋಗದ ಜೊತೆಗೆ ಎರಡು ಪ್ರಶ್ನೆಗಳನ್ನು ಸೇರಿಸಿಕೊಳ್ಳುವುದೂ ರೂಢಿಯಲ್ಲಿದೆ. ಮಾನಸಿಕ ವೇಗದಲ್ಲಿ ಹೆಣ್ಣು ಗಂಡುಗಳ ನಡುವೆ ವ್ಯತ್ಯಾಸವಿದೆಯೆ ಎಂಬುದು ಒಂದು. ಸುತ್ತಲಿನ ಸದ್ದುಗದ್ದಲ ಆ ವೇಗವನ್ನು ತಗ್ಗಿಸುತ್ತದೆಯೆ ಎಂಬುದು ಇನ್ನೊಂದು. ಮೂಲ ಪ್ರಯೋಗ ಹೆಚ್ಚುಕಡಿಮೆ ಪ್ರತಿ ಬಾರಿಯೂ ಸ್ಪಷ್ಟ ಫಲಿತಾಂಶ ಕೊಡುತ್ತದೆ. ಸೇರಿಸಿಕೊಂಡ ಪ್ರಶ್ನೆಗಳಿಗೆ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಪರಿಭಾಷೆ

ಈ ಲೇಖನದಲ್ಲಿ 'ಮಾನಸಿಕ ವೇಗ' ಎಂಬ ಮಾತನ್ನು ಸರಳವಾದ ಬೌದ್ಧಿಕ ಕೆಲಸವನ್ನು ತಪ್ಪಿಲ್ಲದೆ ಮುಗಿಸಲು ಬೇಕಾಗುವ ಕಾಲದ ಅಳತೆ ಎಂಬ ಅರ್ಥದಲ್ಲಿ ಬಳಸಿದೆ. ಸಂಕೇತವೊಂದು ಕಂಡ ಕ್ಷಣದಿಂದ ಉತ್ತರ ಹೊರಡುವ ಕ್ಷಣದವರೆಗಿನ ಅವಧಿ 'ಪ್ರತಿಕ್ರಿಯಾ ಕಾಲ'. ಕೆಲಸಕ್ಕೆ ಬೇಡವಾದದ್ದು ಆ ಕೆಲಸದೊಳಗೇ ಸೇರಿಕೊಂಡು ಅದನ್ನು ತಡೆಯುವುದು 'ಅಡ್ಡಿ'. ಸ್ಟ್ರೂಪ್ ಹಾಳೆಯ ಪದ ಇಂಥದ್ದು. ಕೆಲಸಕ್ಕೆ ಸಂಬಂಧವೇ ಇಲ್ಲದೆ ಹೊರಗಿನಿಂದ ಬರುವ ಮಾತು, ಸಂಗೀತ, ಫೋನಿನ ಗಂಟೆ ಮುಂತಾದವುಗಳಿಂದ ಆಗುವುದು 'ಗಮನಭಂಗ'. ಎರಡನ್ನೂ ಒಂದೇ ಎಂದು ಎಣಿಸಿದರೆ ಫಲಿತಾಂಶಗಳು ಕಲಸಿಹೋಗುತ್ತವೆ.

ಮನಸ್ಸು ಒಂದು ವಿಷಯದಲ್ಲಿ ನೆಲೆಗೊಳ್ಳುವುದಕ್ಕೆ ಕನ್ನಡದ ಮನೋವಿಜ್ಞಾನ ಪಠ್ಯಗಳಲ್ಲಿ 'ಅವಧಾನ' ಎಂಬ ಪದ ಬಳಕೆಯಲ್ಲಿದೆ. ಸಾಹಿತ್ಯದ ಅಷ್ಟಾವಧಾನ, ಶತಾವಧಾನಗಳ ಅವಧಾನವೂ ಇದೇ ಪದ. ಅಷ್ಟಾವಧಾನದ ಎಂಟು ಅಂಗಗಳಲ್ಲಿ 'ಅಪ್ರಸ್ತುತ ಪ್ರಸಂಗ' ಒಂದು. ಪದ್ಯರಚನೆಯಲ್ಲಿ ತೊಡಗಿದ ಅವಧಾನಿಯ ಚಿತ್ತವನ್ನು ಸಂಬಂಧವಿಲ್ಲದ ಪ್ರಶ್ನೆಗಳಿಂದ ಬೇರೆಡೆಗೆ ಎಳೆಯುವುದು ಅದನ್ನು ನಡೆಸುವ ಪೃಚ್ಛಕರ ಕೆಲಸ. ಬೇಕೆಂದೇ ಗಮನಭಂಗ ಮಾಡಿ ಅವಧಾನವನ್ನು ಪರೀಕ್ಷಿಸುವ ಕ್ರಮ ಹೀಗೆ ಪ್ರಯೋಗಶಾಲೆಯ ಹೊರಗೂ ಇದೆ.

ಹಿನ್ನೆಲೆ

ಮನಸ್ಸಿನ ಕೆಲಸಕ್ಕೂ ಕಾಲ ಬೇಕು ಎಂಬ ಅರಿವು ಮೊದಲು ಮೂಡಿದ್ದು ಖಗೋಳವಿಜ್ಞಾನದಲ್ಲಿ. 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ನೆವಿಲ್ ಮ್ಯಾಸ್ಕಲಿನ್ ತಮ್ಮ ಸಹಾಯಕ ಡೇವಿಡ್ ಕಿನ್ನೆಬ್ರೂಕ್‌ರನ್ನು ಕೆಲಸದಿಂದ ತೆಗೆದರು. ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟಿದ ಹೊತ್ತನ್ನು ಸಹಾಯಕ ಗುರುತಿಸಿದ್ದಕ್ಕೂ ಮುಖ್ಯಸ್ಥರು ಗುರುತಿಸಿದ್ದಕ್ಕೂ ಸುಮಾರು 0.8 ಸೆಕೆಂಡು ಅಂತರವಿದ್ದದ್ದು ಇದಕ್ಕೆ ಕಾರಣ. ಇಂಥ ಅಂತರ ಅಸಡ್ಡೆಯ ಫಲವಲ್ಲ, ಪ್ರತಿ ವೀಕ್ಷಕನಲ್ಲೂ ಇರುವಂಥದು ಎಂಬುದನ್ನು ಜರ್ಮನಿಯ ಖಗೋಳವಿಜ್ಞಾನಿ ಫ್ರೀಡ್ರಿಶ್ ಬೆಸೆಲ್ ಮುಂದೆ ತೋರಿಸಿಕೊಟ್ಟರು.

ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ ಫ್ರಾನ್ಸಿಸ್ಕಸ್ ಡೊಂಡರ್ಸ್ 1868ರಲ್ಲಿ ಕಳೆಯುವ ವಿಧಾನವನ್ನು ಮುಂದಿಟ್ಟರು. ಒಂದೇ ಸಂಕೇತಕ್ಕೆ ಒಂದೇ ಉತ್ತರ ಕೊಡುವ ಕಾಲವನ್ನು, ಹಲವು ಸಂಕೇತಗಳಲ್ಲಿ ಸರಿಯಾದದ್ದನ್ನು ಆರಿಸಿ ಉತ್ತರಿಸುವ ಕಾಲದಿಂದ ಕಳೆದರೆ ಉಳಿಯುವುದು ಆಯ್ಕೆಗೆ ಬೇಕಾದ ಕಾಲ ಎಂಬುದು ಅವರ ತರ್ಕ. ಸ್ಟ್ರೂಪ್ ಪರಿಣಾಮವನ್ನು ಇಂದಿಗೂ ಇದೇ ತರ್ಕದಿಂದ ಲೆಕ್ಕಹಾಕುತ್ತಾರೆ. ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್ಜಿಗ್‌ನಲ್ಲಿ ಸ್ಥಾಪಿಸಿದ ಪ್ರಯೋಗಶಾಲೆಯಲ್ಲಿ ದುಡಿದ ಅಮೆರಿಕದ ಜೇಮ್ಸ್ ಮೆಕೀನ್ ಕ್ಯಾಟೆಲ್, ಪದವನ್ನು ಓದುವುದಕ್ಕಿಂತ ವಸ್ತುವಿನ ಅಥವಾ ಬಣ್ಣದ ಹೆಸರು ಹೇಳುವುದಕ್ಕೆ ಹೆಚ್ಚು ಕಾಲ ಬೇಕೆಂದು 1886ರಲ್ಲಿ ವರದಿ ಮಾಡಿದರು. ಓದು ಅಭ್ಯಾಸಬಲದಿಂದ ತಾನಾಗಿ ನಡೆಯುತ್ತದೆ, ಬಣ್ಣ ಹೆಸರಿಸಲು ಪ್ರಯತ್ನಪಟ್ಟು ಪದವನ್ನು ಹುಡುಕಬೇಕು ಎಂಬುದು ಅವರು ಕೊಟ್ಟ ಕಾರಣ. ಹೊಂದದ ಬಣ್ಣದಲ್ಲಿ ಪದಗಳನ್ನು ಬರೆದು ತೋರಿಸುವ ಕ್ರಮವನ್ನು ಜರ್ಮನಿಯ ಎರಿಕ್ ಯೆನ್ಶ್ 1929ರಷ್ಟು ಹಿಂದೆಯೇ ಬಳಸಿದ್ದರು.

ಲಿಂಗವ್ಯತ್ಯಾಸವನ್ನು ಪ್ರಯೋಗಕ್ಕೆ ಒಡ್ಡುವ ಕೆಲಸವೂ ಸ್ಟ್ರೂಪ್‌ಗಿಂತ ಹಿಂದಿನದು. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಹೆಲೆನ್ ಥಾಮ್ಸನ್ ತಮ್ಮ ಡಾಕ್ಟರೇಟ್ ಪದವಿಗಾಗಿ 25 ಹೆಂಗಸರನ್ನೂ 25 ಗಂಡಸರನ್ನೂ ಇಂದ್ರಿಯಶಕ್ತಿ, ಚಲನೆಯ ವೇಗ, ನೆನಪು, ಬುದ್ಧಿಚಾತುರ್ಯಗಳ ಪರೀಕ್ಷೆಗೆ ಒಳಪಡಿಸಿದರು. 1903ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನದಲ್ಲಿ ಎರಡು ಗುಂಪುಗಳ ನಡುವಿನ ಅಂತರಕ್ಕಿಂತ ಸಾಮ್ಯವೇ ಹೆಚ್ಚಾಗಿತ್ತು. ಇದ್ದ ಅಂತರಗಳಿಗೆ ಬೆಳೆಸಿದ ರೀತಿ ಮತ್ತು ಸಮಾಜದ ನಿರೀಕ್ಷೆಗಳೂ ಕಾರಣವಿರಬಹುದೆಂದು ಅವರು ವಾದಿಸಿದರು. ಹೆಂಗಸರ ಬುದ್ಧಿ ಕೀಳೆಂಬುದನ್ನು ವಿಜ್ಞಾನದ ಹೆಸರಿನಲ್ಲೇ ಹೇಳುತ್ತಿದ್ದ ಕಾಲದಲ್ಲಿ ಒಬ್ಬ ವಿದ್ಯಾರ್ಥಿನಿ ಅಳತೆಗಳನ್ನು ಮುಂದಿಟ್ಟು ಮಾಡಿದ ಈ ಕೆಲಸಕ್ಕೆ ಇತಿಹಾಸದಲ್ಲಿ ದೊಡ್ಡ ಸ್ಥಾನವಿದೆ.

ಸ್ಟ್ರೂಪ್‌ರ ಮೂರು ಪ್ರಯೋಗಗಳು

ಸ್ಟ್ರೂಪ್ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿದ್ದ ಜಾರ್ಜ್ ಪೀಬಡಿ ಕಾಲೇಜಿನಲ್ಲಿ ಡಾಕ್ಟರೇಟ್‌ಗಾಗಿ ನಡೆಸಿದ ಸಂಶೋಧನೆಯಿದು. ಕೆಂಪು, ನೀಲಿ, ಹಸಿರು, ಕಂದು, ನೇರಳೆ ಎಂಬ ಐದು ಬಣ್ಣಗಳನ್ನು ಅವರು ಆರಿಸಿಕೊಂಡರು. ಒಂದೊಂದು ಹಾಳೆಯಲ್ಲಿ 100 ಪದಗಳು ಅಥವಾ 100 ಚೌಕಗಳಿದ್ದವು.

ಮೊದಲ ಪ್ರಯೋಗದಲ್ಲಿ 70 ವಿದ್ಯಾರ್ಥಿಗಳು ಪದಗಳನ್ನು ಓದಿದರು. ಒಂದು ಹಾಳೆ ಕಪ್ಪು ಅಚ್ಚಿನದು, ಇನ್ನೊಂದು ಹೊಂದದ ಬಣ್ಣಗಳದು. ಮೊದಲನೆಯದಕ್ಕೆ ಸರಾಸರಿ 41.0 ಸೆಕೆಂಡು, ಎರಡನೆಯದಕ್ಕೆ 43.3 ಸೆಕೆಂಡು ಬೇಕಾಯಿತು. ಶಾಯಿಯ ಬಣ್ಣ ಓದುವಿಕೆಗೆ ಹೆಚ್ಚೇನೂ ತೊಡಕಾಗಲಿಲ್ಲ.

ಎರಡನೆಯ ಪ್ರಯೋಗದಲ್ಲಿ ಕೆಲಸ ತಿರುಗುಮುರುಗಾಯಿತು. 100 ಮಂದಿ ಈಗ ಬಣ್ಣಗಳನ್ನು ಹೆಸರಿಸಿದರು. ಬಣ್ಣದ ಚೌಕಗಳಿಗೆ ಸರಾಸರಿ 63.3 ಸೆಕೆಂಡು ಸಾಕಾದರೆ, ಹೊಂದದ ಪದಗಳ ಬಣ್ಣ ಹೇಳಲು 110.3 ಸೆಕೆಂಡು ಹಿಡಿಯಿತು. ಹೆಚ್ಚಳ ಸುಮಾರು ಶೇ. 74. ಒಂದೊಂದು ಬಣ್ಣಕ್ಕೆ ಮುಕ್ಕಾಲು ಸೆಕೆಂಡಿಗೂ ಕಡಿಮೆ ಸಾಕಾಗುತ್ತಿದ್ದ ಕೆಲಸಕ್ಕೆ ಒಂದು ಸೆಕೆಂಡಿಗೂ ಮೀರಿದ ಕಾಲ ಬೇಕಾಯಿತು. ಸ್ಟ್ರೂಪ್ ಪರಿಣಾಮ ಎಂದು ಹೆಸರಾದದ್ದು ಈ ಎರಡನೆಯ ಪ್ರಯೋಗದ ಫಲಿತಾಂಶ.

ಮೂರನೆಯದು ಅಭ್ಯಾಸದ ಪ್ರಭಾವವನ್ನು ಕುರಿತದ್ದು. ಚೌಕದ ಮೈ ಪೂರ್ತಿ ಬಣ್ಣದಿಂದ ತುಂಬಿರುತ್ತದೆ. ಅಕ್ಷರದ ಗೆರೆಗಳ ನಡುವೆ ಬಿಳಿ ಜಾಗ ಇರುತ್ತದೆ. ಈ ಭೇದವನ್ನು ತೊಡೆಯಲು ಸ್ಟ್ರೂಪ್ ಚೌಕಗಳ ಬದಲು ಸ್ವಸ್ತಿಕಗಳನ್ನು ಅಚ್ಚುಹಾಕಿಸಿದರು. 32 ವಿದ್ಯಾರ್ಥಿಗಳು ಹಲವು ದಿನ ಅಭ್ಯಾಸ ಮಾಡಿದ ಬಳಿಕ ಹೊಂದದ ಪದಗಳ ಬಣ್ಣ ಹೇಳುವ ಕಾಲ 49.6 ಸೆಕೆಂಡಿನಿಂದ 32.8 ಸೆಕೆಂಡಿಗೆ ಇಳಿಯಿತು. ಈ ಬಾರಿಯ ಹಾಳೆಯಲ್ಲಿದ್ದದ್ದು 50 ಪದಗಳು. ಅಡ್ಡಿ ಕುಗ್ಗಿತು, ಅಳಿಯಲಿಲ್ಲ. ಬಣ್ಣ ಹೇಳಿ ಹೇಳಿ ರೂಢಿಯಾದವರಿಗೆ ಅಂಥ ಪದಗಳನ್ನು ಓದುವುದೇ ಸ್ವಲ್ಪ ಕಾಲ ತೊಡಕಾದದ್ದೂ ಕಂಡುಬಂತು. ಇದನ್ನು ವಿಲೋಮ ಸ್ಟ್ರೂಪ್ ಪರಿಣಾಮ ಎನ್ನುತ್ತಾರೆ.

ಸ್ಟ್ರೂಪ್ ಈ ಸಂಶೋಧನೆಯನ್ನು ದೂರ ಮುಂದುವರಿಸಲಿಲ್ಲ. ಬದುಕಿನ ಹೆಚ್ಚಿನ ಭಾಗವನ್ನು ನ್ಯಾಶ್‌ವಿಲ್‌ನ ಡೇವಿಡ್ ಲಿಪ್ಸ್‌ಕಂಬ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಬೈಬಲ್ ಬೋಧನೆ ಮತ್ತು ಬರವಣಿಗೆಯಲ್ಲಿ ಕಳೆದರು.

ಅಡ್ಡಿಗೆ ಕಾರಣ

ಅಕ್ಷರ ಬಲ್ಲವರು ಕಣ್ಣೆದುರಿನ ಪದವನ್ನು ಓದದೆ ಇರಲಾರರು ಎಂಬುದು ಎಲ್ಲ ವಿವರಣೆಗಳಿಗೂ ತಳಹದಿ. ವೇಗವಾದದ ಪ್ರಕಾರ ಓದು ಮತ್ತು ಬಣ್ಣದ ಗುರುತಿಸುವಿಕೆ ಒಟ್ಟಿಗೆ ಹೊರಡುತ್ತವೆ; ಓದು ಮೊದಲು ಗುರಿ ಮುಟ್ಟಿ, ಬಾಯಿಗೆ ಬರುವ ಉತ್ತರದ ದಾರಿಯನ್ನು ಕಟ್ಟುತ್ತದೆ. ಸ್ವಯಂಚಾಲಕತೆಯ ವಾದ ಅಭ್ಯಾಸದ ಬಲಕ್ಕೆ ಒತ್ತು ಕೊಡುತ್ತದೆ. ಓದಿಗೆ ಅವಧಾನ ಬೇಕಿಲ್ಲ, ಬಣ್ಣ ಹೆಸರಿಸಲು ಬೇಕು ಎಂಬುದು ಅದರ ತಿರುಳು. 1990ರಲ್ಲಿ ಜೊನಾಥನ್ ಕೋಹೆನ್, ಕೆವಿನ್ ಡನ್‌ಬಾರ್, ಜೇಮ್ಸ್ ಮೆಕ್ಲೆಲಂಡ್ ಇವೆರಡನ್ನೂ ಬೆಸೆದು ಗಣಕದಲ್ಲಿ ಒಂದು ಮಾದರಿ ಕಟ್ಟಿದರು. ಹೆಚ್ಚು ಬಳಕೆಯಾದ ದಾರಿ ಬಲವಾಗುತ್ತದೆ, ಮಾಡಬೇಕಾದ ಕೆಲಸದ ನೆನಪು ದುರ್ಬಲ ದಾರಿಗೆ ಬೆಂಬಲ ಕೊಡುತ್ತದೆ ಎಂಬುದು ಆ ಮಾದರಿಯ ಸಾರ.

ಓದು ಪೂರ್ತಿ ತಡೆಯಲಾಗದ್ದಲ್ಲ ಎಂಬುದಕ್ಕೂ ಆಧಾರಗಳಿವೆ. ಪದದ ಎಲ್ಲ ಅಕ್ಷರಗಳ ಬದಲು ಒಂದೇ ಅಕ್ಷರಕ್ಕೆ ಬಣ್ಣ ಹಚ್ಚಿದರೆ ಅಡ್ಡಿ ಕುಗ್ಗುತ್ತದೆಂದು 1997ರಲ್ಲಿ ಡೆರೆಕ್ ಬೆಸ್ನರ್ ಮತ್ತು ಸಂಗಡಿಗರು ತೋರಿಸಿದರು. ಸಂಮೋಹನಕ್ಕೆ ಬೇಗ ಒಳಗಾಗುವವರಿಗೆ 'ಇವು ಅರ್ಥವಿಲ್ಲದ ಗೀಟುಗಳು' ಎಂಬ ಸೂಚನೆ ಕೊಟ್ಟಾಗಲೂ ಅಡ್ಡಿ ಇಳಿದುದನ್ನು ಅಮೀರ್ ರಾಜ್ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದರು.

ಮಿದುಳಿನ ಚಿತ್ರಣದಲ್ಲಿ ಎರಡು ಭಾಗಗಳು ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಮುಂಭಾಗದ ಒಳಮೈಯಲ್ಲಿರುವ ಸಿಂಗುಲೇಟ್ ತೊಗಟೆ ಒಂದು. ಹಣೆಯ ಹಿಂಬದಿಯ ಹೊರಮೈ ತೊಗಟೆ ಇನ್ನೊಂದು. ಎರಡು ಉತ್ತರಗಳ ನಡುವೆ ತಿಕ್ಕಾಟವಿದೆಯೆಂದು ಮೊದಲನೆಯದು ಗುರುತಿಸುತ್ತದೆ, ಗಮನವನ್ನು ಸರಿಯಾದ ಕಡೆಗೆ ಎರಡನೆಯದು ತಿರುಗಿಸುತ್ತದೆ ಎಂಬುದು ಹೆಚ್ಚು ಒಪ್ಪಿಗೆ ಪಡೆದ ಅರ್ಥವಿವರಣೆ.

ವಯಸ್ಸಿನೊಂದಿಗೆ ಅಡ್ಡಿ ಬದಲಾಗುತ್ತದೆ. ಓದು ಬಾರದ ಮಗುವಿಗೆ ಅಡ್ಡಿಯಿಲ್ಲ. ಓದು ಕಲಿತ ಮೊದಲ ವರ್ಷಗಳಲ್ಲಿ ಅದು ಏರಿ, ಆಮೇಲೆ ಯೌವನದವರೆಗೆ ಇಳಿದು, ಸುಮಾರು 60ರ ನಂತರ ಮತ್ತೆ ಏರುತ್ತದೆ.

ಬಗೆಗಳು

ಸಂಖ್ಯಾ ಸ್ಟ್ರೂಪ್‌ನಲ್ಲಿ ದೊಡ್ಡ ಗಾತ್ರದ 3 ಮತ್ತು ಚಿಕ್ಕ ಗಾತ್ರದ 8ನ್ನು ಅಕ್ಕಪಕ್ಕ ತೋರಿಸಿ ಯಾವುದರ ಗಾತ್ರ ದೊಡ್ಡದೆಂದು ಕೇಳುತ್ತಾರೆ. ಚಿತ್ರದ ಮೇಲೆ ಬೇರೆ ವಸ್ತುವಿನ ಹೆಸರು ಬರೆದು ಚಿತ್ರವನ್ನು ಹೆಸರಿಸಲು ಹೇಳುವುದು ಇನ್ನೊಂದು ಬಗೆ. ಓದು ಬಾರದ ಮಕ್ಕಳಿಗಾಗಿ ಹಗಲು–ಇರುಳು ಪರೀಕ್ಷೆ ಇದೆ. ಸೂರ್ಯನ ಚಿತ್ರಕ್ಕೆ 'ರಾತ್ರಿ', ಚಂದ್ರನ ಚಿತ್ರಕ್ಕೆ 'ಹಗಲು' ಎಂದು ಮಗು ಹೇಳಬೇಕು. ಭಾವನಾತ್ಮಕ ಸ್ಟ್ರೂಪ್‌ನಲ್ಲಿ ಬಣ್ಣದ ಹೆಸರುಗಳ ಬದಲು ಭಯ, ದುಃಖ, ಕಾಯಿಲೆಗಳಿಗೆ ಸಂಬಂಧಿಸಿದ ಪದಗಳಿರುತ್ತವೆ; ಜೇಡವೆಂದರೆ ಹೆದರುವವರು ಜೇಡಕ್ಕೆ ಸಂಬಂಧಿಸಿದ ಪದಗಳ ಬಣ್ಣ ಹೇಳಲು ತಡಮಾಡುತ್ತಾರೆ.

ದ್ವಿಭಾಷಾ ಬಗೆ ಭಾರತಕ್ಕೆ ವಿಶೇಷವಾಗಿ ಒಪ್ಪುವಂಥದು. ಪದವೂ ಉತ್ತರವೂ ಒಂದೇ ಭಾಷೆಯಲ್ಲಿದ್ದಾಗ ಅಡ್ಡಿ ಹೆಚ್ಚು, ಬೇರೆ ಬೇರೆ ಭಾಷೆಗಳಲ್ಲಿದ್ದಾಗ ಕಡಿಮೆ. ಆದರೆ ಇಲ್ಲದೆ ಹೋಗುವುದಿಲ್ಲ. ಎರಡೂ ಭಾಷೆಗಳನ್ನು ಬಲ್ಲವರಿಗೆ ಇಂಗ್ಲಿಷಿನಲ್ಲಿ ಬರೆದ ಪದದ ಬಣ್ಣವನ್ನು ಕನ್ನಡದಲ್ಲಿ ಹೇಳುವಾಗಲೂ ಆ ಪದ ತಡೆಯೊಡ್ಡುತ್ತದೆ.

ಲಿಂಗ ಮತ್ತು ವೇಗ

ಸ್ಟ್ರೂಪ್ ತಮ್ಮ ಎರಡನೆಯ ಪ್ರಯೋಗದ ಅಂಕಿಗಳನ್ನು ಹೆಣ್ಣು, ಗಂಡು ಎಂದು ವಿಂಗಡಿಸಿಯೂ ಕೊಟ್ಟಿದ್ದರು. ಬಣ್ಣ ಹೆಸರಿಸುವುದರಲ್ಲಿ ವಿದ್ಯಾರ್ಥಿನಿಯರು ವಿದ್ಯಾರ್ಥಿಗಳಿಗಿಂತ ಸ್ವಲ್ಪ ಚುರುಕಾಗಿದ್ದರು. ನಂತರದ ಅನೇಕ ಅಧ್ಯಯನಗಳಲ್ಲೂ ಇದು ಮರುಕಳಿಸಿದೆ. ಮಾತಿನ ಸರಾಗತೆ, ಬಣ್ಣಗಳ ಹೆಸರುಗಳೊಂದಿಗಿನ ಒಡನಾಟ ಇವು ಸೂಚಿತವಾಗಿರುವ ಕಾರಣಗಳು. ಯಾವುದೂ ಅಂತಿಮವಾಗಿ ಸ್ಥಾಪಿತವಾಗಿಲ್ಲ.

ಬಣ್ಣ ಹೆಸರಿಸುವ ವೇಗ ಬೇರೆ, ಅಡ್ಡಿ ಬೇರೆ. ಒಬ್ಬರು ಚೌಕಗಳ ಹಾಳೆಯನ್ನು 60 ಸೆಕೆಂಡಿನಲ್ಲೂ ಪದಗಳ ಹಾಳೆಯನ್ನು 100 ಸೆಕೆಂಡಿನಲ್ಲೂ ಮುಗಿಸಿದರು, ಇನ್ನೊಬ್ಬರಿಗೆ ಅವೇ ಹಾಳೆಗಳಿಗೆ 70 ಮತ್ತು 110 ಸೆಕೆಂಡು ಬೇಕಾಯಿತು ಎಂದಿಟ್ಟುಕೊಳ್ಳಬಹುದು. ಎರಡು ಹಾಳೆಗಳಲ್ಲೂ ಮೊದಲನೆಯವರೇ ಮುಂದೆ. ಅಡ್ಡಿ ಮಾತ್ರ ಇಬ್ಬರಿಗೂ 40 ಸೆಕೆಂಡೇ. ಪದಗಳ ಹಾಳೆಯ ಕಾಲವನ್ನಷ್ಟೇ ಹೋಲಿಸಿ 'ಹುಡುಗಿಯರು ಗಮನಭಂಗವನ್ನು ಚೆನ್ನಾಗಿ ಎದುರಿಸುತ್ತಾರೆ' ಎಂದು ಬರೆಯುವ ವರದಿಗಳು ಈ ಕಳೆಯುವ ಲೆಕ್ಕವನ್ನು ಬಿಟ್ಟಿರುತ್ತವೆ. ಕೆನಡಾದ ಕಾಲಿನ್ ಮೆಕ್ಲೌಡ್ ಅರ್ಧ ಶತಮಾನದ ಸಂಶೋಧನೆಯನ್ನು ಪರಿಶೀಲಿಸಿ 1991ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಸ್ಟ್ರೂಪ್ ಅಡ್ಡಿಯಲ್ಲಿ ಯಾವ ವಯಸ್ಸಿನಲ್ಲೂ ಲಿಂಗವ್ಯತ್ಯಾಸವಿಲ್ಲ.

ಮಾನಸಿಕ ವೇಗದ ಇತರ ಪರೀಕ್ಷೆಗಳು ಒಂದೇ ದಿಕ್ಕು ತೋರಿಸುವುದಿಲ್ಲ. ಅಂಕಿ, ಅಕ್ಷರಗಳನ್ನು ಹೊಂದಿಸುವ ಮತ್ತು ಬೇಗ ಬೇಗ ಹೆಸರಿಸುವ ಕೆಲಸಗಳಲ್ಲಿ ಹೆಣ್ಣುಮಕ್ಕಳ ಸರಾಸರಿ ಮೇಲಿರುತ್ತದೆ. ದೀಪ ಹೊತ್ತಿದೊಡನೆ ಗುಂಡಿ ಒತ್ತುವ ಸರಳ ಪ್ರತಿಕ್ರಿಯೆಯಲ್ಲೂ ಬೆರಳು ಬಡಿಯುವ ವೇಗದಲ್ಲೂ ಗಂಡಸರ ಸರಾಸರಿ ಮೇಲಿರುತ್ತದೆ. 2011ರಲ್ಲಿ ಎಕಾ ರೊಯಿವಾಯ್ನೆನ್ ಮಾಡಿದ ಸಮೀಕ್ಷೆ ಇದನ್ನು ದಾಖಲಿಸಿದೆ. ಆದ್ದರಿಂದ ಯಾವ ಪರೀಕ್ಷೆ ಎಂದು ಹೇಳದೆ 'ಯಾರು ವೇಗ?' ಎಂದು ಕೇಳಿದರೆ ಆ ಪ್ರಶ್ನೆಗೆ ಅರ್ಥವಿಲ್ಲ. ಸರಾಸರಿಗಳ ಅಂತರವೂ ಚಿಕ್ಕದು. ಜಾನೆಟ್ ಹೈಡ್ 2005ರಲ್ಲಿ ಲಿಂಗವ್ಯತ್ಯಾಸ ಕುರಿತ 46 ಸಮಗ್ರ ವಿಶ್ಲೇಷಣೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಶೇ. 78ರಷ್ಟು ವ್ಯತ್ಯಾಸಗಳು ಅಲ್ಪ ಅಥವಾ ಸೊನ್ನೆಗೆ ಹತ್ತಿರವಾಗಿದ್ದವು.

ಹೆಂಗಸರು ಏಕಕಾಲಕ್ಕೆ ಹಲವು ಕೆಲಸಗಳನ್ನು ಗಂಡಸರಿಗಿಂತ ಚೆನ್ನಾಗಿ ನಿಭಾಯಿಸುತ್ತಾರೆ ಎಂಬ ಮಾತು ಜನಜನಿತ. ಜರ್ಮನಿಯ ಪ್ಯಾಟ್ರಿಶಿಯಾ ಹಿರ್ಷ್ ಮತ್ತು ಸಂಗಡಿಗರು 48 ಹೆಂಗಸರು, 48 ಗಂಡಸರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಪುಷ್ಟಿ ಸಿಗಲಿಲ್ಲ. ಎರಡು ಕೆಲಸ ಒಟ್ಟಿಗೆ ಬಂದಾಗ ಇಬ್ಬರ ವೇಗವೂ ಒಂದೇ ತೆರನಾಗಿ ಕುಸಿಯಿತು.

ಗಮನಭಂಗದ ಪ್ರಭಾವ

ಬೇಡದ ಸದ್ದನ್ನು ಮನಸ್ಸು ಎಲ್ಲಿ ಸೋಸುತ್ತದೆ ಎಂಬ ಪ್ರಶ್ನೆ ಬ್ರಿಟನ್ನಿನಲ್ಲಿ ಕಾಲಿನ್ ಚೆರಿ 1953ರಲ್ಲಿ ಮಾಡಿದ ಪ್ರಯೋಗಗಳಿಂದ ಮುಂಚೂಣಿಗೆ ಬಂತು. ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ ಒಂದನ್ನು ಮಾತ್ರ ಹಿಂಬಾಲಿಸಲು ಹೇಳಿದಾಗ, ಬಿಟ್ಟ ಕಿವಿಯ ಮಾತಿನ ಅರ್ಥ ಕೇಳುಗರಿಗೆ ಬಹುಮಟ್ಟಿಗೆ ದಕ್ಕಲಿಲ್ಲ. ಡೊನಾಲ್ಡ್ ಬ್ರಾಡ್‌ಬೆಂಟ್ 1958ರಲ್ಲಿ ಇದಕ್ಕೆ ಸೋಸುಕದ ಸಿದ್ಧಾಂತ ಕೊಟ್ಟರು. ಸೋಸುಕ ಸದ್ದನ್ನು ಪೂರ್ತಿ ತಡೆಯುವುದಿಲ್ಲ, ಮಂದಗೊಳಿಸುತ್ತದೆ ಎಂದು ಆ್ಯನ್ ಟ್ರೀಸ್ಮನ್ ತಿದ್ದಿದರು. ಕೆಲಸವೇ ಕಣ್ಣಿಗೆ ಭಾರವಾಗಿದ್ದರೆ ಬೇಡದ್ದರ ಕಡೆಗೆ ಹರಿಯಲು ಗಮನ ಉಳಿಯುವುದಿಲ್ಲ, ಕೆಲಸ ಹಗುರವಾಗಿದ್ದರೆ ಗಮನಭಂಗ ಹೆಚ್ಚು ಎಂಬುದು 1995ರಲ್ಲಿ ನಿಲ್ಲಿ ಲವೀ ಮುಂದಿಟ್ಟ ವಾದ.

ಎಲ್ಲ ಸದ್ದಿನ ಫಲವೂ ಒಂದೇ ಅಲ್ಲ. ಅಂಕಿಗಳ ಸಾಲನ್ನು ನೆನಪಿಡುವ ಕೆಲಸಕ್ಕೆ ಹಿನ್ನೆಲೆಯ ಮಾತು ಬಹಳ ತೊಂದರೆ ಕೊಡುತ್ತದೆ. ಆ ಮಾತು ಕೇಳುಗರಿಗೆ ಬಾರದ ಭಾಷೆಯಲ್ಲಿದ್ದರೂ ತೊಂದರೆ ತಪ್ಪುವುದಿಲ್ಲ. ಏರಿಳಿತವಿಲ್ಲದ ಏಕತಾನದ ಸದ್ದಿನಿಂದ ಹಾನಿ ಕಡಿಮೆ. ಸ್ಟ್ರೂಪ್ ಪ್ರಯೋಗದಲ್ಲಂತೂ ಫಲ ನಿರೀಕ್ಷೆಗೆ ವಿರುದ್ಧವಾಗಿಯೂ ಬಂದದ್ದುಂಟು. ಕೆಂಟ್ ಹ್ಯೂಸ್ಟನ್ ಮತ್ತು ಟಿ. ಎಂ. ಜೋನ್ಸ್ 1967ರಲ್ಲಿ ಗದ್ದಲದ ನಡುವೆ ಪರೀಕ್ಷೆ ನಡೆಸಿದಾಗ ಹೊಂದದ ಪದಗಳ ಕೆಲಸ ಕೆಡುವ ಬದಲು ಸುಧಾರಿಸಿತ್ತು. ಗದ್ದಲ ಮನಸ್ಸಿನ ಉದ್ರೇಕವನ್ನು ಹೆಚ್ಚಿಸಿ ಗಮನದ ವಲಯವನ್ನು ಕಿರಿದಾಗಿಸುತ್ತದೆ, ಆಗ ಪದವೂ ಆ ವಲಯದ ಹೊರಗುಳಿಯುತ್ತದೆ ಎಂಬುದು ಇದಕ್ಕೊಂದು ವಿವರಣೆ. ಮುಂದಿನ ಅಧ್ಯಯನಗಳ ಫಲಿತಾಂಶಗಳು ಸದ್ದಿನ ಬಗೆ, ಅವಧಿಗಳಿಗೆ ತಕ್ಕಂತೆ ಬದಲಾಗಿವೆ.

ಜೊತೆಯಲ್ಲಿ ಜನರಿರುವುದೂ ಫಲಿತಾಂಶವನ್ನು ಬದಲಿಸುತ್ತದೆ. ಫ್ರಾನ್ಸಿನ ಪಾಸ್ಕಲ್ ಹ್ಯುಗೆ ಮತ್ತು ಸಂಗಡಿಗರು 1999ರಲ್ಲಿ ವರದಿ ಮಾಡಿದಂತೆ, ಒಂಟಿಯಾಗಿದ್ದಾಗಿನದಕ್ಕಿಂತ ಇನ್ನೊಬ್ಬರು ಹತ್ತಿರವಿದ್ದಾಗ ಸ್ಟ್ರೂಪ್ ಅಡ್ಡಿ ಕಡಿಮೆಯಾಗುತ್ತದೆ. ಕೆಲವರನ್ನು ಸಹಪಾಠಿಗಳ ಮುಂದೆ, ಕೆಲವರನ್ನು ಒಂಟಿ ಕೋಣೆಯಲ್ಲಿ ಪರೀಕ್ಷಿಸಿದರೆ ಆ ಅಂಕಿಗಳನ್ನು ಒಟ್ಟಿಗೆ ಸೇರಿಸುವಂತಿಲ್ಲ.

ತರಗತಿಯ ಪ್ರಯೋಗದ ರಚನೆ

ಲಿಂಗ ಮತ್ತು ಗಮನಭಂಗ ಎರಡನ್ನೂ ಪರೀಕ್ಷಿಸುವ ವಿದ್ಯಾರ್ಥಿ ಪ್ರಯೋಗದಲ್ಲಿ ಸಾಮಾನ್ಯವಾಗಿ ನಾಲ್ಕು ಮನೆಗಳಿರುತ್ತವೆ: ಹೆಣ್ಣು ಮತ್ತು ಗಂಡು, ಪ್ರತಿಯೊಂದರಲ್ಲೂ ನಿಶ್ಶಬ್ದ ಮತ್ತು ಸದ್ದು. ಲಿಂಗ, ಸದ್ದು ಇವು ಸ್ವತಂತ್ರ ಚರಗಳು. ಕಾಲ ಮತ್ತು ತಪ್ಪುಗಳ ಸಂಖ್ಯೆ ಅವಲಂಬಿತ ಚರಗಳು. ಇವೆರಡು ಸ್ವತಂತ್ರ ಚರಗಳು ಒಂದೇ ಜಾತಿಯವಲ್ಲ. ಸದ್ದನ್ನು ಪ್ರಯೋಗ ನಡೆಸುವವರು ತಾವೇ ಹೆಚ್ಚು ಕಡಿಮೆ ಮಾಡಬಹುದು, ಯಾರನ್ನು ಯಾವ ಸ್ಥಿತಿಯಲ್ಲಿ ಪರೀಕ್ಷಿಸಬೇಕೆಂದು ಚೀಟಿ ಎತ್ತಿ ನಿರ್ಧರಿಸಬಹುದು. ಲಿಂಗವನ್ನು ಹಾಗೆ ಹಂಚಲಾಗದು. ಆದ್ದರಿಂದ ಸದ್ದಿನ ಫಲಿತಾಂಶದಿಂದ ಕಾರಣವನ್ನು ಊಹಿಸಬಹುದೇ ಹೊರತು, ಲಿಂಗದ ಫಲಿತಾಂಶದಿಂದ ಅದು ಸಾಧ್ಯವಿಲ್ಲ. ಓದಿನ ರೂಢಿ, ಮಾಧ್ಯಮ, ವಯಸ್ಸುಗಳಲ್ಲಿ ಎರಡು ಗುಂಪುಗಳು ಬೇರೆಯಾಗಿದ್ದರೆ ಕಂಡ ಅಂತರ ಅವುಗಳದ್ದೂ ಆಗಿರಬಹುದು.

ಅಭ್ಯಾಸದಿಂದ ವೇಗ ಹೆಚ್ಚುವುದರಿಂದ ಎಲ್ಲರಿಗೂ ಮೊದಲು ನಿಶ್ಶಬ್ದ, ಆಮೇಲೆ ಸದ್ದು ಎಂಬ ಕ್ರಮ ಇಟ್ಟುಕೊಂಡರೆ ಸದ್ದಿನ ಹಾನಿ ಮರೆಯಾಗುತ್ತದೆ. ಅರ್ಧ ಮಂದಿಗೆ ಒಂದು ಕ್ರಮ, ಉಳಿದವರಿಗೆ ಅದರ ತಿರುವು ಕೊಡಬೇಕು. ತಪ್ಪುಗಳನ್ನು ಎಣಿಸದೆ ಕಾಲವನ್ನಷ್ಟೇ ಬರೆದುಕೊಂಡರೆ ಅವಸರದವರು ಚುರುಕಾದವರಂತೆ ಕಾಣುತ್ತಾರೆ. ಊಹೆ ಏನೆಂಬುದನ್ನು ಭಾಗವಹಿಸುವವರಿಗೆ ಮುಂಚೆ ತಿಳಿಸಬಾರದು. ಹುಡುಗಿಯರು ಗೆಲ್ಲುತ್ತಾರೋ ಹುಡುಗರೋ ಎಂದು ಕೇಳಿಸಿಕೊಂಡವರು ಪಂದ್ಯಕ್ಕಿಳಿದಂತೆ ಉತ್ತರಿಸುತ್ತಾರೆ. ಭಾಗವಹಿಸಲು ಒಪ್ಪಿಗೆ ಪಡೆಯುವುದು, ಮುಗಿದ ಮೇಲೆ ಉದ್ದೇಶವನ್ನು ವಿವರಿಸುವುದು, ಒಬ್ಬೊಬ್ಬರ ಅಂಕಿಗಳನ್ನು ಹೆಸರಿನೊಂದಿಗೆ ಪ್ರಕಟಿಸದಿರುವುದು ನಿಯಮ.

ಬಣ್ಣಗುರುಡು ಈ ಪ್ರಯೋಗದಲ್ಲಿ ವಿಶೇಷ ತೊಡಕು. ಕೆಂಪು–ಹಸಿರು ಬಣ್ಣಗುರುಡು ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡಸರಲ್ಲೇ ಬಹಳ ಹೆಚ್ಚು. ಮೊದಲೇ ಬಣ್ಣದೃಷ್ಟಿಯನ್ನು ಪರೀಕ್ಷಿಸದೆ ಹೋದರೆ ಅಂಥ ಒಬ್ಬಿಬ್ಬರು ಸೇರಿದರೂ ಗಂಡಸರ ಸರಾಸರಿ ಕಾಲ ಏರಿ, ಇಲ್ಲದ ಲಿಂಗವ್ಯತ್ಯಾಸ ಕಾಣಿಸಿಕೊಳ್ಳುತ್ತದೆ.

ಕನ್ನಡದ ಹಾಳೆ ತಯಾರಿಸುವಾಗ ಇನ್ನೂ ಕೆಲವು ಸಂಗತಿಗಳನ್ನು ಗಮನಿಸಬೇಕಾಗುತ್ತದೆ. 'ಕೆಂಪು', 'ನೀಲಿ' ಎರಡಕ್ಷರದ ಪದಗಳು. 'ಹಸಿರು', 'ಹಳದಿ' ಮೂರಕ್ಷರದವು. ಇವು ಪ್ರತಿ ಹಾಳೆಯಲ್ಲೂ ಸಮಸಂಖ್ಯೆಯಲ್ಲಿರಬೇಕು. 'ಹಸಿರು' ಮತ್ತು 'ಹಳದಿ' ಒಂದೇ ಅಕ್ಷರದಿಂದ ಶುರುವಾಗುವುದರಿಂದ ಒಂದಕ್ಕೆ ಇನ್ನೊಂದು ಬಾಯಿಗೆ ಬರುವ ತಪ್ಪು ಹೆಚ್ಚಬಹುದು. ಬಿಳಿ ಹಾಳೆಯ ಮೇಲೆ ಹಳದಿ ಮಸುಕಾಗಿ ಕಾಣುವುದೂ ಇದೆ. ದಿನಬಳಕೆಯಲ್ಲಿ 'ರೆಡ್', 'ಗ್ರೀನ್' ಎನ್ನುವುದೇ ರೂಢಿಯಾಗಿರುವ ನಗರದ ವಿದ್ಯಾರ್ಥಿಗಳು ನಡುವೆ ಭಾಷೆ ಬದಲಿಸುವುದುಂಟು. ಆದ್ದರಿಂದ ಉತ್ತರದ ಭಾಷೆ ಯಾವುದೆಂದು ಮೊದಲೇ ಗೊತ್ತುಮಾಡಿ, ಕೆಲವು ನಿಮಿಷ ರೂಢಿ ಮಾಡಿಸಬೇಕು.

ಭಾಗವಹಿಸುವವರ ಸಂಖ್ಯೆ ಎಲ್ಲಕ್ಕಿಂತ ದೊಡ್ಡ ಮಿತಿ. ಸ್ಟ್ರೂಪ್ ಪರಿಣಾಮ ಬಹಳ ದೊಡ್ಡದು. ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸುವುದರಿಂದ ಹತ್ತಿಪ್ಪತ್ತು ಮಂದಿಯಲ್ಲೂ ಎದ್ದು ಕಾಣುತ್ತದೆ. ಲಿಂಗವ್ಯತ್ಯಾಸದ ಲೆಕ್ಕ ಹಾಗಲ್ಲ. ಗುಂಪುಗಳ ಅಂತರ ಪ್ರಮಾಣ ವಿಚಲನೆಯ (ಅಂಕಿಗಳು ಸರಾಸರಿಯಿಂದ ಚದುರಿರುವ ಅಳತೆಯ) ಐದನೆಯ ಒಂದು ಭಾಗದಷ್ಟೇ ಇದ್ದರೆ, ಅದನ್ನು ಶೇ. 80ರ ಸಂಭವದಿಂದ ಪತ್ತೆಹಚ್ಚಲು ಸಾಮಾನ್ಯ ಶೇ. 5ರ ಮಟ್ಟದಲ್ಲಿ ಪ್ರತಿ ಗುಂಪಿನಲ್ಲೂ ಸುಮಾರು 393 ಮಂದಿ ಬೇಕು. ಅಂತರ ಅರ್ಧ ವಿಚಲನೆಯಷ್ಟಿದ್ದರೂ 64 ಮಂದಿ ಬೇಕು. 15 ಹುಡುಗಿಯರು, 15 ಹುಡುಗರ ತರಗತಿಯಲ್ಲಿ 'ವ್ಯತ್ಯಾಸ ಕಾಣಲಿಲ್ಲ' ಎಂದರೆ ವ್ಯತ್ಯಾಸ ಇಲ್ಲವೆಂದು ಅರ್ಥವಲ್ಲ. 'ಕಂಡಿತು' ಎಂದರೆ ಅದು ಆಕಸ್ಮಿಕವಿರುವ ಸಾಧ್ಯತೆಯೂ ಕಡಿಮೆಯಲ್ಲ. ಸದ್ದಿನಿಂದ ಹೆಣ್ಣಿಗೆ ಹೆಚ್ಚು ತೊಂದರೆಯೋ ಗಂಡಿಗೋ ಎಂದು ಕೇಳುವುದು ಎರಡು ಅಂತರಗಳ ನಡುವಿನ ಅಂತರವನ್ನು ಕೇಳಿದಂತೆ. ಅದಕ್ಕೆ ಇನ್ನೂ ದೊಡ್ಡ ಸಂಖ್ಯೆ ಬೇಕು. ಹಲವು ತರಗತಿಗಳು, ಹಲವು ವರ್ಷಗಳ ಅಂಕಿಗಳನ್ನು ಒಂದೇ ವಿಧಾನದಲ್ಲಿ ಕೂಡಿಹಾಕುವುದು ಇದಕ್ಕಿರುವ ಪರಿಹಾರ.

ಉಪಯೋಗಗಳು

ತಲೆಪೆಟ್ಟು, ಮರೆವಿನ ಕಾಯಿಲೆ, ಸ್ಕಿಜೋಫ್ರೀನಿಯಾ, ಮಕ್ಕಳಲ್ಲಿ ಕಾಣುವ ಅವಧಾನದ ಕೊರತೆ ಮುಂತಾದ ಸ್ಥಿತಿಗಳಲ್ಲಿ ಬಾಯಿಗೆ ಬಂದ ಉತ್ತರವನ್ನು ತಡೆದು ಸರಿಯಾದದ್ದನ್ನು ಆರಿಸುವ ಶಕ್ತಿ ಎಷ್ಟು ಉಳಿದಿದೆ ಎಂದು ತಿಳಿಯಲು ಸ್ಟ್ರೂಪ್ ಪರೀಕ್ಷೆ ನೆರವಾಗುತ್ತದೆ.

ಕರ್ನಾಟಕದಲ್ಲಿ ಮನೋವಿಜ್ಞಾನದ ವ್ಯಾಸಂಗ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಶುರುವಾಯಿತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್‌ರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ ಆ ವಿಭಾಗವನ್ನು ಕಟ್ಟಿದರು. ಚಿಕಿತ್ಸೆಯ ಕ್ಷೇತ್ರದಲ್ಲಿ ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯಲ್ಲಿ ಸ್ಟ್ರೂಪ್ ಪರೀಕ್ಷೆ ಸೇರಿದೆ. ಶೋಭಿನಿ ಎಲ್. ರಾವ್, ಡಿ. ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ ಇದನ್ನು ಸಿದ್ಧಪಡಿಸಿದವರು. ಇದೇ ಮಾಲೆಯಲ್ಲಿ ಮಾನಸಿಕ ವೇಗಕ್ಕೆ ಅಂಕಿ–ಚಿಹ್ನೆ ಪರೀಕ್ಷೆಯನ್ನೂ, ಸತತ ಅವಧಾನಕ್ಕೆ ಅಂಕಿ ಹುಡುಕುವ ಪರೀಕ್ಷೆಯನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಮಾನದಂಡಗಳನ್ನು ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ತಕ್ಕಂತೆ ಕೊಡಲಾಗಿದೆ. ಭಾರತದಂಥ ದೇಶದಲ್ಲಿ ವಿದ್ಯಾಭ್ಯಾಸದ ಭೇದ ಲೆಕ್ಕಕ್ಕೆ ಬರಲೇಬೇಕು: ಓದು ಬಾರದವರಿಗೆ ಪದ ಅಡ್ಡಿಯಾಗದು, ಅಲ್ಪಸ್ವಲ್ಪ ಓದಿದವರಿಗೆ ಆಗುವ ಅಡ್ಡಿ ಕಾಲೇಜು ಓದಿದವರದರಂತಿರದು.

ಇಂದಿನ ಸ್ಥಿತಿ

ಕಾಗದದ ಹಾಳೆ ಮತ್ತು ಸ್ಟಾಪ್‌ವಾಚಿನ ಜಾಗಕ್ಕೆ ಬಹುಮಟ್ಟಿಗೆ ಗಣಕದ ಪರದೆ ಬಂದಿದೆ. ಪದಗಳನ್ನು ಒಂದೊಂದಾಗಿ ತೋರಿಸಿ ಪ್ರತಿ ಉತ್ತರದ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ದಾಖಲಿಸುತ್ತಾರೆ. ಬಾಯಲ್ಲಿ ಹೇಳುವ ಬದಲು ಗುಂಡಿ ಒತ್ತಿಸಿದರೆ ಅಡ್ಡಿ ಕಡಿಮೆಯಾಗುವುದರಿಂದ ಎರಡು ಬಗೆಯ ಅಂಕಿಗಳನ್ನು ನೇರವಾಗಿ ಹೋಲಿಸುವುದಿಲ್ಲ. ಮನೋವಿಜ್ಞಾನದ ಹಲವು ಪ್ರಸಿದ್ಧ ಫಲಿತಾಂಶಗಳು ಮರುಪ್ರಯೋಗದಲ್ಲಿ ನಿಲ್ಲದೆ ಹೋದ ಕಾಲದಲ್ಲೂ ಸ್ಟ್ರೂಪ್ ಪರಿಣಾಮ ಅಲುಗಾಡಿಲ್ಲ. ಹಲವು ಪ್ರಯೋಗಶಾಲೆಗಳು ಕೂಡಿ ನಡೆಸಿ 2016ರಲ್ಲಿ ಪ್ರಕಟಿಸಿದ ಮರುಪರೀಕ್ಷೆಯಲ್ಲಿ ಅದು ಬಲವಾಗಿಯೇ ಕಂಡುಬಂತು.

ಇದೇ ದೃಢತೆಯಿಂದ ಒಂದು ಸಮಸ್ಯೆಯೂ ಹುಟ್ಟಿದೆ. ಕ್ರೇಗ್ ಹೆಜ್, ಜಾರ್ಜಿನಾ ಪೊವೆಲ್, ಪೆಟ್ರೋಕ್ ಸಮ್ನರ್ 2018ರಲ್ಲಿ ಅದನ್ನು ಸ್ಪಷ್ಟವಾಗಿ ಮುಂದಿಟ್ಟರು. ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಾಣುವ ಪರಿಣಾಮದಲ್ಲಿ ವ್ಯಕ್ತಿಗೂ ವ್ಯಕ್ತಿಗೂ ಇರುವ ಭೇದ ಕಿರಿದು. ಒಂದು ಕಾಲದಿಂದ ಇನ್ನೊಂದನ್ನು ಕಳೆದಾಗ ಎರಡರಲ್ಲಿಯ ಅಳತೆದೋಷಗಳೂ ಉಳಿಕೆಯಲ್ಲಿ ಸೇರಿಕೊಳ್ಳುತ್ತವೆ. ಅದೇ ವ್ಯಕ್ತಿಯನ್ನು ಕೆಲವು ವಾರಗಳ ಬಳಿಕ ಮತ್ತೆ ಪರೀಕ್ಷಿಸಿದರೆ ಅಡ್ಡಿಯ ಅಂಕಿ ಬದಲಾಗಿರಬಹುದು. ಈ ಕಾರಣದಿಂದ ಆಸ್ಪತ್ರೆಗಳಲ್ಲಿ ಸ್ಟ್ರೂಪ್ ಅಂಕಿಯೊಂದನ್ನೇ ಹಿಡಿದು ರೋಗನಿರ್ಣಯ ಮಾಡುವುದಿಲ್ಲ. ನೆನಪು, ವೇಗ, ಅವಧಾನಗಳ ಇತರ ಪರೀಕ್ಷೆಗಳ ಜೊತೆಗೆ ಇಟ್ಟು ಓದುತ್ತಾರೆ.